ಒಂದು ಇಂಜಿನ್ ನಿಂತರೆ

ಹುಮನಾಬಾದಿನಿಂದ ಹುಡಗಿ ಎಂಬ ಊರಿನ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಗಟ್ಟಿ ಕೆಂಪು ಮುರಂ ಮಣ್ಣಿನ ಒಂದು ದಿನ್ನೆ ಸಿಗುತ್ತದೆ. ಮೊದಲು ಅಲ್ಲಿ ಕುರಿ ಮೇಯುತ್ತಿದ್ದವು. ಈಗ ಒಂದು ಖಾಸಗಿ ಕಂಪನಿ ದಿನ್ನೆಯನ್ನು ಸಮ ಮಾಡಿ, ಉದ್ದಕ್ಕೆ ಡಾಂಬರು ಹಾಸಿ, ಸುತ್ತ ತಂತಿ ಬೇಲಿ ಎಳೆದಿದೆ. ತಾನು ಕಟ್ಟಿದ ಹೊಸ ವಿಮಾನವನ್ನು ಅಲ್ಲಿ ಹಾರಿಸಿ ನೋಡುತ್ತದೆ. ರನ್‌ವೇ ಪಕ್ಕದ ತಗಡಿನ ಶೆಡ್ಡಿನ ಮುಂದೆ ಕೆಂಪು ಅಗ್ನಿಶಾಮಕ ಗಾಡಿಯ ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದವನು ಮಂಠಾಳದ ನರಸಿಂಗ.

ವಿಮಾನದ ಪಂಖಗಳು ತಿರುಗಲು ಶುರುವಾದ ಕೂಡಲೇ ಅವನೂ ಗಾಡಿ ಚಾಲೂ ಮಾಡಬೇಕು. ವಿಮಾನ ಹೋಗಿ ತಿರುಗಿ ಬಂದು ಪಂಖ ನಿಲ್ಲುವವರೆಗೂ ಕೆಳಗಿಳಿಯುವಂತಿಲ್ಲ. ಮೈಮೇಲೆ ದಪ್ಪನೆಯ ಬೆಂಕಿ ಅಂಗಿ, ಚಳಿಗಾಲದಲ್ಲೂ ಒಳಗೆ ಬೆವರು. ಪಕ್ಕದಲ್ಲಿ ನೊರೆ ಹೊಡೆಯುವ ಪೈಪಿನ ಸಂಘರತ್ನ. ಎಲ್ಲ ಸರಿಯಾಗಿ ನಡೆದ ದಿನ ಈ ಇಬ್ಬರಿಗೂ ಮಾಡಲು ಏನೂ ಇರುತ್ತಿರಲಿಲ್ಲ. ಅಂಥ ದಿನಗಳೇ ಹೆಚ್ಚು. ಆದರೆ ಸುಮ್ಮನೆ ಕೂತ ದಿನವೇ ನರಸಿಂಗ ಮನೆಗೆ ಬಂದು ಹೆಚ್ಚು ದಣಿದವನಂತೆ ಗೋಡೆಗೆ ಒರಗುತ್ತಿದ್ದ.

ಹುಟ್ಟಿದ್ದು ಕೂಲಿ ಮನೆತನದಲ್ಲಿ. ಚಿಕ್ಕ ವಯಸ್ಸಿಗೇ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆದ. ಮುಂದೆ ಅಗ್ನಿಶಾಮಕ ಠಾಣೆಯಲ್ಲಿ ಚಾಲಕನಾಗಿ ಕೂದಲು ಬೆಳ್ಳಗಾಗುವವರೆಗೆ ದುಡಿದ. ಬಣವೆಗೆ ಬಿದ್ದ ಬೆಂಕಿ, ಹೆದ್ದಾರಿಯಲ್ಲಿ ಉರುಳಿದ ಟ್ಯಾಂಕರ್, ಬಸವಕಲ್ಯಾಣದ ಪೇಟೆಯಲ್ಲಿ ಹೊತ್ತಿದ ಅರಳೆ ಗೋದಾಮು, ಎಲ್ಲವನ್ನೂ ಕಂಡ. ನಿವೃತ್ತನಾದ ಮೇಲೆ ಈ ಕಂಪನಿ ಕರೆಯಿತು. ಹೋಗಲು ಅವನಿಗೆ ಒಂದೇ ಕಾರಣವಿತ್ತು. ಅವನ ಮಗಳು ರತ್ನಮಾಲಾ ಅಲ್ಲಿ ಕೆಲಸ ಮಾಡುತ್ತಿದ್ದಳು, ಮತ್ತು ಅವಳ ಕೆಲಸ ನೆಲದ ಮೇಲೆ ಇರಲಿಲ್ಲ.

ರತ್ನಮಾಲಾ ಹುಮನಾಬಾದಿನಲ್ಲಿ ಡಿಪ್ಲೊಮಾ ಮುಗಿಸಿ, ಮುಂದೆ ವಿಮಾನ ತಾಂತ್ರಿಕತೆಯಲ್ಲಿ ಇಂಜಿನಿಯರಿಂಗ್ ಓದಿದವಳು. ಪರೀಕ್ಷೆಗಾಗಿ ವಿಮಾನ ಹಾರುವಾಗ ಪೈಲಟನ ಹಿಂದಿನ ಸೀಟಿನಲ್ಲಿ ಕೂತು, ವೇಗ, ಎತ್ತರ, ಇಂಜಿನ್ನಿನ ಕಾವು ಎಲ್ಲವನ್ನೂ ನೋಡುತ್ತ ಕೂಗಿ ಹೇಳುವುದು ಅವಳ ಪಾಲಿನ ಕೆಲಸ. ಪೈಲಟ್ ಮುಜಾಫರ್ ವಾಯುಪಡೆಯಲ್ಲಿದ್ದು ಬಂದವರು, ಹುಮನಾಬಾದಿನ ಹಳೇ ಪೇಟೆಯಲ್ಲೇ ಬೆಳೆದವರು. ನರಸಿಂಗನನ್ನು ಅವರು ಭಾಯ್ ಎಂದೇ ಕರೆಯುತ್ತಿದ್ದರು.

ವಿಮಾನ ನೋಡಲು ಚಂದದ್ದೇನಲ್ಲ. ರೆಕ್ಕೆ ಮೈಯ ಮೇಲ್ಗಡೆ, ರೆಕ್ಕೆಗೊಂದರಂತೆ ಎರಡು ಇಂಜಿನ್, ಮಡಚದ ಗಾಲಿಗಳು, ಪಕ್ಕದಲ್ಲಿ ಎತ್ತಿನಗಾಡಿ ತೂರುವಷ್ಟು ಅಗಲದ ಬಾಗಿಲು. ಸೀಟು ಹಾಕಿದರೆ ಮಂದಿ, ಸೀಟು ತೆಗೆದರೆ ಚೀಲ, ಬೇಕಾದರೆ ಸ್ಟ್ರೆಚರ್. ಸರಿಯಾದ ದಾರಿಯಿಲ್ಲದ ಗುಡ್ಡಗಾಡಿನ ಊರುಗಳಿಗೆ ಹೋಗಲಿ ಎಂದು ಮಾಡಿದ್ದು. ಹಳ್ಳಿಗಳಲ್ಲಿ ಮಂದಿ, ಚೀಲ ತುಂಬಿಕೊಂಡು ಓಡುವ ಟಂಟಂ ಆಟೋ ನೆನೆದು ಹುಡಗಿಯ ಮಂದಿ ಅದಕ್ಕೆ ‘ಹಾರೋ ಟಂಟಂ’ ಎಂದು ಹೆಸರಿಟ್ಟಿದ್ದರು.

ಕಂಪನಿಯಲ್ಲಿ ತೀರ್ಮಾನವಾಗದೆ ಉಳಿದದ್ದು ಇಂಜಿನ್ನಿನ ವಿಷಯ ಒಂದೇ. ಒಂದೇ ಮಾದರಿಯ ಎರಡು ವಿಮಾನ ಕಟ್ಟಿ, ಒಂದಕ್ಕೆ ಹಳೆಯ ಇಂಜಿನ್ ಜೋಡಿ, ಇನ್ನೊಂದಕ್ಕೆ ಹೊಸ ಇಂಜಿನ್ ಜೋಡಿ ಕೂರಿಸಿದ್ದರು. ಎರಡೂ ಟರ್ಬೊಪ್ರಾಪ್, ಅಂದರೆ ಒಳಗೆ ಉರಿದ ಗಾಳಿಯ ರಭಸಕ್ಕೆ ಮುಂದಿನ ಪಂಖ ತಿರುಗುವ ಜಾತಿಯವು. ಹಳೆಯದು ಲೋಕದ ತುಂಬ ವರ್ಷಗಟ್ಟಲೆ ಹಾರಿ ಹೆಸರು ಮಾಡಿದ್ದು, ಕೆಟ್ಟದ್ದು ಕಡಿಮೆ. ಆದರೆ ಶಕ್ತಿ ಅಷ್ಟಕ್ಕಷ್ಟೇ. ಹೊಸದಕ್ಕೆ ಶಕ್ತಿ ಹೆಚ್ಚು, ಇಂಧನ ಕಡಿಮೆ ಸಾಕು. ಅದನ್ನು ನಡೆಸುವುದು ಕಂಪ್ಯೂಟರ್. ಇನ್ನೂ ಹೆಚ್ಚು ಮಂದಿ ಅದನ್ನು ಹಾರಿಸಿ ನೋಡಿರಲಿಲ್ಲ. ಮಳೆಗಾಲದೊಳಗೆ ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು.

ಕಬ್ಬಿನ ಹಂಗಾಮಿನಲ್ಲಿ, ರಸ್ತೆಯ ತುಂಬ ಟ್ರಾಕ್ಟರ್ ಸಾಲು ನಿಂತಿದ್ದ ಒಂದು ಬೆಳಿಗ್ಗೆ, ಹೊಸ ಇಂಜಿನ್ನಿನ ವಿಮಾನ ತಿರುಗಿ ಬಂದಾಗ ಅದರ ಎಡಗಡೆಯ ಪಂಖ ಅಲುಗದೆ ನಿಂತಿತ್ತು. ನರಸಿಂಗನಿಗೆ ಮೊದಲು ತಿಳಿದದ್ದು ಸಪ್ಪಳದಿಂದ. ಎರಡು ದನಿ ಬರಬೇಕಾದಲ್ಲಿ ಒಂದೇ ದನಿ ಬರುತ್ತಿತ್ತು. ಗಾಡಿಯನ್ನು ರನ್‌ವೇ ಪಕ್ಕಕ್ಕೆ ಓಡಿಸಿದ. ವಿಮಾನ ಮೆಲ್ಲಗೆ ಇಳಿದು, ಸ್ವಲ್ಪ ಸೊಟ್ಟಗೆ ಓಡಿ, ನಿಂತಿತು. ರತ್ನಮಾಲಾ ಇಳಿದು ಬಂದು ಹೆಲ್ಮೆಟ್ ತೆಗೆದಳು.

“ಬೇಕಂತ ನಿಲ್ಸಿದ್ರೇನು?” ಎಂದು ನರಸಿಂಗ ಕೇಳಿದ.

“ಇಲ್ಲಪ್ಪ. ತಾನಾ ನಿಂತದ. ಇಂಜಿನ್ ಎಣ್ಣ್ಯಾಗ ಲೋಹದ ಚೂರು ಬಂದಾವ ಅಂತ ದೀಪ ಹತ್ತಿತು, ಕಂಪ್ಯೂಟರ್ ಇಂಜಿನ್ ಬಂದ್ ಮಾಡ್ತು.” ಅವಳ ದನಿ ಸಹಜವಾಗೇ ಇತ್ತು. “ಇನ್ನೊಂದು ಇತ್ತಲ್ಲ, ಅದರ ಮ್ಯಾಲ ಆರಾಮಾಗಿ ಬಂದೀವಿ. ಅವ್ವಗ ಹೇಳಬ್ಯಾಡ.”

ಅವನು ಹೇಳಲಿಲ್ಲ. ಆದರೆ ಹೆಂಡತಿ ಶೇವಂತಾಬಾಯಿಗೆ ಹೇಳದೆಯೇ ಏನೋ ತಿಳಿದಿತ್ತು. ಗಂಡ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯದೆ ಇದ್ದುದನ್ನು ಅವಳು ನೋಡಿದಳು. ಆಮೇಲೆ ಅಂಥದ್ದೇ ಮತ್ತೊಂದು ಸಲ ಆಯಿತು, ಈ ಬಾರಿ ಬಲಗಡೆಯದಕ್ಕೆ. ಇಂಜಿನ್ ಬಿಚ್ಚಿ ನೋಡಿದವರಿಗೆ ಚೂರುಗಳು ಎಲ್ಲಿಂದ ಬಂದವೆಂದು ಖಾತ್ರಿಯಾಗಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಶೆಡ್ಡಿನ ಹಿಂದಿನ ಬೇವಿನ ನೆರಳಿನಲ್ಲಿ ತಂದೆ ಮಗಳು ಬುತ್ತಿ ಬಿಚ್ಚಿದ್ದರು.

“ಹಳೇದೇ ಇರಲಿ ಅಂತ ನಿಮ್ಮ ಮಂದಿಗಿ ಹೇಳು,” ಎಂದ ನರಸಿಂಗ. “ನಿಂದೂ ಮಾತು ಕೇಳ್ತಾರಂತಲ್ಲ. ನಾಕು ಮಂದಿ ನೋಡಿದ ಸಾಮಾನಿನ ಮ್ಯಾಲ ಭರೋಸಾ ಇರ್ತದ.”

ರತ್ನಮಾಲಾ ಚಟ್ನಿಪುಡಿಯ ಡಬ್ಬಿ ಮುಚ್ಚಿದಳು. “ಹಳೇದು ನಿಲ್ಲೂದಿಲ್ಲ ಅಪ್ಪ, ಅದು ಖರೇ. ಆದ್ರ ಒಂದು ವೇಳೆ ನಿಂತ್ರ ಏನು? ಹೊಸದರಾಗ ಒಂದು ನಿಂತ್ರ ಇನ್ನೊಂದು ಹೊತ್ಕೊಂಡು ಮನಿಗಿ ತರ್ತದ. ಹಳೇದರಾಗ, ತುಂಬಿದ ಲೋಡಿನ ಮ್ಯಾಲ, ಇಂಥಾ ಬಿಸಿಲಾಗ ಒಂದು ನಿಂತ್ರ, ಉಳದದ್ದು ಹೊತ್ಕೊಳ್ಳೂದೇ ಅನುಮಾನ. ಬಿಸಿಲಿಗಿ ಗಾಳಿ ತೆಳ್ಳಗಾಗ್ತದ. ಇಂಜಿನ್ನಿಗೂ ಉಸಿರು ಸಾಲೂದಿಲ್ಲ, ರೆಕ್ಕಿಗೂ ಹಿಡಿತ ಸಿಗೂದಿಲ್ಲ.”

“ಅಂದ್ರ ಬೀಳ್ತದ?”

“ಬೀಳೂದಿಲ್ಲ. ಮೆಲ್ಲಕ ಕೆಳಗ ಬರ್ತದ. ಎಷ್ಟು ಎಳದ್ರೂ ಕೆಳಗೇ ಬರ್ತದ.”

ನರಸಿಂಗ ಕೈಯಲ್ಲಿದ್ದ ತುತ್ತನ್ನು ತಿರುಗಿ ಬುತ್ತಿಗೆ ಇಟ್ಟ. “ನೀ ಬಿಟ್ಟುಬಿಡು ತಾಯಿ ಈ ಕೆಲಸ.”

“ನೀ ಬೆಂಕ್ಯಾಗ ಹೋಗಾಗ ಅವ್ವ ಬ್ಯಾಡ ಅಂದಿರಲಿಲ್ಲೇನು?”

“ಅಂದಿದ್ಲು.”

“ನೀ ಬಿಟ್ಟಿಯೇನು?”

ಅವನು ಬುತ್ತಿಯ ಗಂಟು ಕಟ್ಟತೊಡಗಿದ.

ಮೇ ತಿಂಗಳು ಬಂತು. ಮುರಂ ನೆಲ ಬರಿಗಾಲಿಗೆ ಸುಡುವಂತಾಯಿತು. ಡಾಂಬರಿನ ಮೇಲೆ ಕಾವು ನೀರಿನಂತೆ ನಡುಗುತ್ತಿತ್ತು. ಇದೇ ಬಿಸಿಲಿಗಾಗಿ ಕಂಪನಿಯ ದೊಡ್ಡವರು ಕಾದಿದ್ದರು. ಎರಡೂ ವಿಮಾನಗಳಿಗೆ ಉಸುಕಿನ ಚೀಲ ತುಂಬಿ, ನೆಲ ಬಿಟ್ಟ ಕೂಡಲೇ ಒಂದು ಇಂಜಿನ್ನಿನ ಕಸುವು ಬೇಕೆಂದೇ ಇಳಿಸಿ, ಇನ್ನೊಂದು ಏರಿಸೀತೋ ಇಲ್ಲವೋ ನೋಡಬೇಕಿತ್ತು. ಎತ್ತರದಲ್ಲಿ ಇದನ್ನು ಆಗಲೇ ಮಾಡಿ ನೋಡಿದ್ದರು. ಅಲ್ಲಿ ಹಳೆಯ ಇಂಜಿನ್ ತಿಣುಕುತ್ತ ಏರಿತ್ತು. ನೆಲದ ಹತ್ತಿರ ಮಾಡುವುದು ಕೊನೆಯ ಪರೀಕ್ಷೆ. ಮೊದಲ ಸರದಿ ಹಳೆಯ ಇಂಜಿನ್ನಿನ ವಿಮಾನದ್ದು.

ಆ ದಿನ ಬೆಳಿಗ್ಗೆಯಿಂದಲೇ ದಿನ್ನೆಯ ಮೇಲೆ ಸುಳಿಗಾಳಿಗಳು ಏಳುತ್ತಿದ್ದವು. ಕೆಂಪು ಧೂಳಿನ ಕಂಬಗಳು ಬೇಲಿಯಾಚೆಯಿಂದ ಬಂದು, ರನ್‌ವೇ ದಾಟಿ, ಹುಡಗಿಯ ಹೊಲಗಳ ಕಡೆ ಕರಗುತ್ತಿದ್ದವು. ವಿಮಾನದ ನೆರಳಿನಲ್ಲಿ ನಿಂತಿದ್ದ ಮುಜಾಫರ್ ಹತ್ತಿರ ನರಸಿಂಗ ಹೋದ.

“ಸಾಹೇಬ್ರ, ಒಂದು ಮಾತು. ಇವತ್ತೊಂದಿನ ನನ್ನ ಮಗಳನ್ನ ಇಳಸ್ರಿ.”

ಮುಜಾಫರ್ ಹಿಂದಿನ ಸೀಟಿನ ಕಡೆ ಕೈ ತೋರಿಸಿದರು. “ಆಕೀನ್ನ ಇಳಿಸಿದ್ರ ನಾ ಕುರುಡ ಆಗ್ತೀನಿ ಭಾಯ್. ಗಾಲಿ ನೆಲ ಬಿಟ್ಟ ಮ್ಯಾಲ ನನ್ನ ಕಣ್ಣು ಹೊರಗ ಇರಬೇಕು. ಒಳಗಿನ ಮೀಟರಿನ ಮುಳ್ಳು ನೋಡಿ ಕೂಗಾಕ ಆಕಿ ಬೇಕು.” ಆಮೇಲೆ ದನಿ ತಗ್ಗಿಸಿ, “ಹವಾ ಛಲೋ ಇಲ್ಲಂತ ನಾನೂ ಹೇಳೀನಿ. ಮ್ಯಾಲಿನವ್ರಿಗಿ ಇದೇ ಬಿಸಿಲು ಬೇಕಾಗ್ಯದ. ಒಂದೇ ಸುತ್ತು. ಫಿಕರ್ ಮಾಡಬ್ಯಾಡ್ರಿ,” ಎಂದು ಅವನ ಭುಜ ಮುಟ್ಟಿದರು.

ರತ್ನಮಾಲಾ ಇದನ್ನು ದೂರದಿಂದ ನೋಡಿದಳು. ತಂದೆ ಏನು ಕೇಳಿರಬಹುದೆಂದು ಅವಳಿಗೆ ತಿಳಿಯಿತು. ಮುಖ ಬಿಗಿದುಕೊಂಡು, ಅವನನ್ನು ಮಾತಾಡಿಸದೆ, ಅಗಲ ಬಾಗಿಲಿನಿಂದ ಒಳಗೆ ಹತ್ತಿದಳು.

ವಿಮಾನ ಓಡಿತು. ಎಂದಿಗಿಂತ ದೂರ ಓಡಿತು. ಗಾಲಿ ನೆಲ ಬಿಟ್ಟಾಗ ಸಂಘರತ್ನ “ಎದ್ದಿತು” ಎಂದ. ಅಷ್ಟರಲ್ಲೇ ಬಲಗಡೆಯ ಇಂಜಿನ್ನಿನ ದನಿ ಇಳಿಯಿತು. ಅದು ಪರೀಕ್ಷೆಯ ಭಾಗವೆಂದು ಇಬ್ಬರಿಗೂ ಗೊತ್ತಿತ್ತು. ವಿಮಾನ ಏರಿತು, ಆಮೇಲೆ ಏರಲಿಲ್ಲ, ಬೇಲಿಯ ಮೇಲೆ ನೆಲಕ್ಕೆ ಸಮನಾಗಿ ತೇಲುತ್ತ ಹೋಯಿತು. ಆಗ ಎಡಗಡೆಯಿಂದ ಒಂದು ಸುಳಿಗಾಳಿ ಬಂತು. ರೆಕ್ಕೆ ವಾಲಿತು. ಇಳಿಸಿದ್ದ ಇಂಜಿನ್ನಿಗೆ ಮುಜಾಫರ್ ತಿರುಗಿ ಕಸುವು ಕೊಟ್ಟದ್ದು ಗಾಡಿಯವರೆಗೂ ಕೇಳಿಸಿತು. ಗುಂಯ್ ಎನ್ನುವ ದನಿ ಮೆಲ್ಲಗೆ ಮೇಲೇರತೊಡಗಿತು. ಆದರೆ ಅಂಥ ಇಂಜಿನ್ ಒದ್ದ ಕೂಡಲೇ ಓಡುವ ಎತ್ತಲ್ಲ, ಕಸುವು ತುಂಬಿಕೊಳ್ಳಲು ಅದಕ್ಕೆ ಹೊತ್ತು ಬೇಕು. ಆ ಹೊತ್ತು ಅವರ ಬಳಿ ಇರಲಿಲ್ಲ. ಎರಡೂ ಇಂಜಿನ್ ಪೂರಾ ದನಿಯಲ್ಲಿ ಕೂಗುತ್ತಿರುವಾಗಲೇ ವಿಮಾನ ಜಾಲಿ ಗಿಡಗಳ ಹಿಂದೆ ಇಳಿದು ಕಾಣೆಯಾಯಿತು.

ಸಪ್ಪಳ ನಿಂತಿತು. ಹೊಗೆ ಏಳಲಿಲ್ಲ. ಅದೇ ನರಸಿಂಗನನ್ನು ಹೆಚ್ಚು ಹೆದರಿಸಿತು, ಬೆಂಕಿ ಹತ್ತುವುದು ಇನ್ನೂ ಬಾಕಿ ಇತ್ತು.

ಬೇಲಿ ಕಿತ್ತುಕೊಂಡೇ ಗಾಡಿ ಹೊರಗೆ ನುಗ್ಗಿತು. ಬದು ದಾಟಿ, ಉಳುಮೆಯ ಹೆಂಟೆಗಳ ಮೇಲೆ ಕುಣಿಯುತ್ತ ಹೋಗುವಾಗ ಸಂಘರತ್ನ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಪೈಪು ಹಿಡಿದಿದ್ದ. ವಿಮಾನ ಬಾವಿ ನೀರಿನ ಕಬ್ಬಿನ ತೋಟದಲ್ಲಿ ಹೊಟ್ಟೆಯ ಮೇಲೆ ಬಿದ್ದಿತ್ತು. ಮೂತಿ ನಾಲೆಯ ಒಡ್ಡಿಗೆ ಗುದ್ದಿ ಒಳಗೆ ಹೋಗಿತ್ತು. ಒಂದು ರೆಕ್ಕೆ ಮುರಿದು ತೊಗಲಿನಂತೆ ಜೋತಿತ್ತು, ಅದರೊಳಗಿನ ಇಂಧನ ರವದಿಯ ಮೇಲೆ, ಕಬ್ಬಿನ ಒಣಗಿದ ಗರಿಗಳ ಮೇಲೆ, ಧಾರೆಯಾಗಿ ಸುರಿಯುತ್ತಿತ್ತು. ಇಂಜಿನ್ನಿನ ಹೊಗೆಗೊಳವೆ ಅಲ್ಲೇ ಹತ್ತಿರ, ಇನ್ನೂ ಕೆಂಪಗೆ ಕಾದು ಟಿಕ್ ಟಿಕ್ ಅನ್ನುತ್ತಿತ್ತು.

ಬಾಗಿಲ ಸಂದಿನಿಂದ ಒಂದು ಕೈ ಹೊರಗೆ ಬಂದಿತ್ತು.

“ಅಪ್ಪಾ!”

ನರಸಿಂಗ ಆ ಕಡೆ ಹೋಗಲಿಲ್ಲ. ಪೈಪು ಕಸಿದುಕೊಂಡು ಇಂಜಿನ್ನಿನ ಕಡೆ ನಡೆದ.

“ಅಪ್ಪಾ, ಇಲ್ಲಿ! ಕಾಲು ಸಿಕ್ಕದ!”

ಅವನು ತಿರುಗಿ ನೋಡಲಿಲ್ಲ. ನೊರೆ ಹೊಡೆದ. ಕೊಳವೆಗೆ, ಇಂಧನಕ್ಕೆ, ರವದಿಗೆ, ಮತ್ತೆ ಕೊಳವೆಗೆ. ಒಂದು ಮೂಲೆಯಲ್ಲಿ ನೀಲಿ ನಾಲಗೆ ಎದ್ದಿತು. ಅದನ್ನು ತುಳಿಯುವಷ್ಟು ಹತ್ತಿರ ಹೋಗಿ ನೊರೆಯಲ್ಲಿ ಹೂತ. ಮಗಳು ಕೂಗುತ್ತಲೇ ಇದ್ದಳು. ಎಲ್ಲವೂ ಬಿಳಿಯಾದ ಮೇಲೆ, ಟಿಕ್ ಟಿಕ್ ಸದ್ದು ಮುಳುಗಿದ ಮೇಲೆ, ಪೈಪು ಸಂಘರತ್ನನ ಕೈಗೆ ಕೊಟ್ಟು ಬಾಗಿಲಿಗೆ ಓಡಿದ. ಅಷ್ಟರಲ್ಲಿ ಅವಳ ಕೂಗು ನಿಂತಿತ್ತು.

ರತ್ನಮಾಲಾ ಬದುಕಿದ್ದಳು. ಕಾಲಿನ ಎಲುಬು ಮುರಿದಿತ್ತು, ಪಕ್ಕೆ ಬಿರುಕು ಬಿಟ್ಟಿತ್ತು. ಮುಜಾಫರ್ ಮುಂದೆ ಸ್ಟೇರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಂಡಿದ್ದರು. ಅವರನ್ನು ಬಿಡಿಸಲು ತಗಡು ಕೊಯ್ಯಬೇಕಾಯಿತು. ಹುಮನಾಬಾದಿನ ದವಾಖಾನೆಯಿಂದ ಹೈದರಾಬಾದಿಗೆ ಒಯ್ದರು. ಮರುದಿನ ಅವರು ತೀರಿಕೊಂಡರು.

ದವಾಖಾನೆಯಲ್ಲಿ ಮಗಳ ಮಂಚದ ಪಕ್ಕ ಕೂತಿದ್ದ ಶೇವಂತಾಬಾಯಿಗೆ ನಡೆದದ್ದೆಲ್ಲ ಗೊತ್ತಾದದ್ದು ಸಂಘರತ್ನನಿಂದ. ಅವನು ಹೊಗಳಲೆಂದೇ ಹೇಳಿದ್ದ, “ಅಣ್ಣ ಮಗಳು ಕೂಗಿದ್ರೂ ಅಲುಗಲಿಲ್ಲ ವೈನಿ, ಮೊದಲು ಬೆಂಕಿ ಕಟ್ಟಿದ” ಎಂದು. ನರಸಿಂಗ ಒಳಗೆ ಬಂದಾಗ ಅವಳು ಎದ್ದು ನಿಂತಳು.

“ಆಕಿ ಕೂಗಿದ್ದು ನಿಮಗ ಕೇಳಿಸಿತ್ತೇನ್ರಿ?”

“ಕೇಳಿಸಿತ್ತು.”

“ಕೇಳಿಸಿನೂ ಹೋಗ್ಲಿಲ್ಲ?”

“ಆಕೀನ್ನ ಎಳ್ಯಾಕ ನಿಂತಿದ್ರ ಎಲ್ಲಾರೂ ಸುಡ್ತಿದ್ವಿ. ಅರಳಿ ಗೋದಾಮದಾಗ ಹಂಗೇ ಆಗಿತ್ತು. ಒಬ್ಬ ತಮ್ಮನ್ನ ಎಳ್ಯಾಕ ಹೋದ, ಇಬ್ಬರೂ ಹೊರಗ ಬರಲಿಲ್ಲ.”

“ನಾ ಗೋದಾಮು ಕೇಳಿಲ್ಲ,” ಎಂದಳು ಶೇವಂತಾಬಾಯಿ.

ಮಂಚದ ಮೇಲಿಂದ ರತ್ನಮಾಲಾ ತಾಯಿಯ ಸೆರಗು ಹಿಡಿದಳು. “ಅವ್ವಾ, ಅಪ್ಪ ಮಾಡಿದ್ದೇ ಸರಿ. ಸುಮ್ಮಾಗು.” ಶೇವಂತಾಬಾಯಿ ಸೆರಗು ಬಿಡಿಸಿಕೊಂಡು ಕೂತಳು. ಆ ದಿನದಿಂದ ಗಂಡನ ಜೊತೆ ಅಡುಗೆ, ನೀರು, ದನ ಇಷ್ಟರ ಮಾತನ್ನಷ್ಟೇ ಆಡಿದಳು.

ಆದರೆ ತಾಯಿ ಹೊರಗೆ ಹೋದಾಗ ಮಗಳು ಸೂರು ನೋಡುತ್ತ ಹೇಳಿದಳು: “ನಂಗ ತಿಳೀತದಪ್ಪ. ನಾನೂ ಅದೇ ಮಾಡ್ತಿದ್ದೆ. ಖರೇ ಅಂದ್ರ, ಒಂದೇ ಸಲ ನೀ ತಿರುಗಿ ನೋಡಿದ್ರ ಸಾಕಿತ್ತು.”

“ನೋಡಿದ್ರ ಬರ್ತಿದ್ದೆ ತಾಯಿ,” ಎಂದ ನರಸಿಂಗ.

ಮುಜಾಫರ್ ಅವರ ತಾಯಿ ದಿಲ್ಶಾದ್ ಬೇಗಂ ಹುಮನಾಬಾದಿನ ಹಳೇ ಪೇಟೆಯಲ್ಲಿದ್ದರು. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ನರಸಿಂಗ ಹೋಗಿ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. ಅವರು ಒಳಗೆ ಕರೆದು, ಚಹಾ ತರಿಸಿ, ಅವನು ಕುಡಿಯುವವರೆಗೆ ಕಾದರು.

“ಯಾವ ಇಂಜಿನ್ ಕೆಟ್ಟಿತ್ತಪಾ?” ಎಂದು ಕೇಳಿದರು.

“ಯಾವುದೂ ಕೆಟ್ಟಿಲ್ರಿ ಅಮ್ಮಾ. ಎರಡೂ ನಡೀತಿದ್ವು.”

“ಎರಡೂ ನಡೀತಿದ್ವು ಅಂದ್ರ ಯಾಕ ಬಿತ್ತು?”

ಬಿಸಿಲು, ಲೋಡು, ತೆಳ್ಳಗಿನ ಗಾಳಿ ಎಂದು ಮಗಳು ಹೇಳಿಕೊಟ್ಟ ಮಾತುಗಳು ಅವನ ಬಾಯಿಗೆ ಬಂದವು. ಆ ಮುದುಕಿಯ ಮುಖ ನೋಡಿ ಅವು ಅಲ್ಲೇ ನಿಂತವು. “ನಂಗ ಗೊತ್ತಿಲ್ರಿ,” ಎಂದ.

“ನಿನ್ನ ಮಗಳು ಉಳದಾಳಲ್ಲ,” ಎಂದರು ಅವರು. ಆ ಮಾತಿನಲ್ಲಿ ಕಹಿ ಇರಲಿಲ್ಲ. ಆದರೂ ಬಸ್ ನಿಲ್ದಾಣದಲ್ಲಿ ಎದುರಿಗೆ ಬಂದು ನಿಂತ ಮಂಠಾಳದ ಬಸ್ಸನ್ನು ನರಸಿಂಗ ಹತ್ತದೆ ಬಿಟ್ಟ.

ವಿಚಾರಣೆ ನಡೆಯಿತು. ಹಳೆಯ ಇಂಜಿನ್ ತನ್ನಿಂದಾದದ್ದನ್ನೆಲ್ಲ ಮಾಡಿದೆ, ಈ ವಿಮಾನಕ್ಕೆ ಅದರ ಶಕ್ತಿ ಸಾಲದು, ಅಂಥ ಹವೆಯಲ್ಲಿ ಅಷ್ಟು ಕೆಳಗೆ ಪರೀಕ್ಷೆ ಮಾಡಬಾರದಿತ್ತು ಎಂಬ ತೀರ್ಮಾನ ಬಂತು. ಪರೀಕ್ಷೆಗೆ ಒತ್ತಾಯಿಸಿದ್ದ ದೊಡ್ಡ ಸಾಹೇಬರು ಕೆಲಸ ಬಿಟ್ಟರು. ಕಂಪನಿ ಹೊಸ ಇಂಜಿನ್ನನ್ನೇ ಆರಿಸಿತು. ಅದನ್ನು ತಯಾರಿಸುವವರು ಒಳಗಿನ ಒಂದು ಬೇರಿಂಗ್ ಬದಲಿಸಿದ್ದೇವೆ, ಇನ್ನು ಚೂರು ಬರುವುದಿಲ್ಲ ಎಂದರು. ಬದಲಿಸಿದ ಮೇಲೂ ಎಣ್ಣೆ ಸೋಸಿದಾಗ ಕೆಲವು ಸಿಕ್ಕವು. ಮೊದಲಿಗಿಂತ ಕಡಿಮೆ. ಮಿತಿಯೊಳಗೆ ಇವೆ ಎಂದು ಹೇಳಿದರು. ರತ್ನಮಾಲಾ ಸಭೆಯಲ್ಲಿ ಎದ್ದು, ಮಿತಿ ಇಟ್ಟವರೂ ಈ ಇಂಜಿನ್ನಿನ ಮುಪ್ಪು ಕಂಡವರಲ್ಲ, ಹೆಚ್ಚು ಸಲ ಬಿಚ್ಚಿ ನೋಡಬೇಕು ಎಂದಳು. ಆಗಲಿ ಎಂದರು.

ದೀಪಾವಳಿಯ ಹೊತ್ತಿಗೆ ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಹಿಂದಿನ ಸೀಟಿಗೆ ತಿರುಗಿ ಹೋಗುತ್ತೇನೆಂದು ಅವಳೇ ಹೇಳಿದಳು. ಅಪ್ಪ ಮಗಳು ಒಂದೇ ಹಾರಾಟದ ಕೆಲಸದಲ್ಲಿ ಇರಬಾರದೆಂದು ಕಂಪನಿ ಹೊಸ ನಿಯಮ ಮಾಡಿತ್ತು. ರತ್ನಮಾಲಾ ಅದನ್ನು ಒಪ್ಪಲಿಲ್ಲ. “ಕೆಳಗ ನಮ್ಮ ಅಪ್ಪನೇ ಇರಬೇಕು. ಆತ ನನ್ನ ಕಡಿ ನೋಡೂದಿಲ್ಲ,” ಎಂದಳು. ಕೇಳಿದವರಿಗೆ ಅದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ನಿಯಮ ಸಡಿಲಿಸಿದರು.

ಹೊರಡುವ ಬೆಳಿಗ್ಗೆ ಶೇವಂತಾಬಾಯಿ ಇಬ್ಬರಿಗೂ ಬುತ್ತಿ ಕಟ್ಟಿದಳು. ಮಗಳನ್ನು ಕೇಳಿದಳು, “ಈ ಇಂಜಿನ್ ಛಲೋ ಅದ ಏನು?”

“ಇನ್ನೂ ಪೂರಾ ಗೊತ್ತಿಲ್ಲವ್ವ. ಗೊತ್ತು ಮಾಡ್ಕೊಳ್ಳಾಕೇ ಹೋಗೂದು.”

ಆಮೇಲೆ ಎಷ್ಟೋ ತಿಂಗಳ ನಂತರ ಮೊದಲ ಸಲ ಗಂಡನ ಕಡೆ ಮುಖ ತಿರುಗಿಸಿದಳು. “ಮತ್ತ ಕೂಗಿದ್ರ?”

ನರಸಿಂಗನಿಗೆ ಸುಳ್ಳು ಹೇಳುವುದು ಸುಲಭವಿತ್ತು, ಹೇಳಲಿಲ್ಲ. “ಮೊದಲು ಬೆಂಕೀನೇ,” ಎಂದ.

ಅವಳು ಹೂಂ ಎಂಬಂತೆ ತಲೆ ಆಡಿಸಿದಳು. ಬುತ್ತಿಯನ್ನು ಅವನ ಕೈಗೇ ಕೊಟ್ಟಳು.

ಆ ದಿನ ವಿಮಾನ ಹೋಗಿ ಬಂತು. ಆಮೇಲೂ ಹೋಗಿ ಬರುತ್ತಲೇ ಇದೆ. ಎಣ್ಣೆಯಲ್ಲಿ ಚೂರುಗಳು ಒಮ್ಮೊಮ್ಮೆ ಸಿಗುತ್ತವೆ, ಮಿತಿಯೊಳಗೆ. ಅದರ ದಾರಿ ಬಸವಕಲ್ಯಾಣದವರೆಗೆ ಹೋಗಿ ಮಂಠಾಳದ ಮೇಲಿಂದ ತಿರುಗುತ್ತದೆ. ತೊಗರಿ ಹೊಲದಲ್ಲಿ ಹೆಂಗಸರ ಸಾಲಿನಲ್ಲಿ ಕಳೆ ತೆಗೆಯುತ್ತಿರುವ ಶೇವಂತಾಬಾಯಿಗೆ ಸಪ್ಪಳ ದೂರದಿಂದಲೇ ಕೇಳುತ್ತದೆ. ಉಳಿದವರೆಲ್ಲ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾರೆ. ಅವಳು ಮಾತ್ರ ಕುರ್ಪಿಯನ್ನು ಮಣ್ಣಿನಲ್ಲಿ ಊರಿ, ತಲೆ ತಗ್ಗಿಸಿ, ದನಿ ಒಂದೋ ಎರಡೋ ಎಂದು ಆಲಿಸುತ್ತ, ಅದು ಹುಮನಾಬಾದಿನ ದಿಕ್ಕಿಗೆ ಕರಗುವವರೆಗೂ ಅಲುಗದೆ ಕೂತಿರುತ್ತಾಳೆ.